ಹಾಲ್ವರನ ಸಿಗಡಿ ಜಾಗದ ಕೆಸರು

ತಂಗಿ ಟೋರಾ,

ಮೈಕೈ ನೋವು ಬಿಟ್ಟರೆ ಚೆನ್ನಾಗಿದ್ದೇನೆ. ಈ ಸ್ಕಾಟ್ಲೆಂಡಿನ ಕೊಲ್ಲಿಯ ತಳದಲ್ಲಿ ಎಷ್ಟು ಇಂಗಾಲ ಹೂತಿದೆ ಎಂದು ಈ ಹಡಗಿನ ವಿಜ್ಞಾನಿಗಳು ನಕ್ಷೆ ಬರೆಯುತ್ತಾರೆ. ಕೊಳವೆಯನ್ನು ತಳಕ್ಕೆ ಇಳಿಸಿ, ಕೆಸರು ತುಂಬಿದ ಮೇಲೆ ಹಡಗಿಗೆ ಎತ್ತುವುದು ನನ್ನ ಕೆಲಸ. ನಿನ್ನೆ ಕೊಳವೆಯ ಬಾಯಲ್ಲಿ ಕಂದು ಲೋಳೆ ಕಂಡಿತು. ಆಯುಷ್ಯವೆಲ್ಲ ಮೀನುದೋಣಿ ತೊಳೆದ ಕೈ, ನೀರಿನ ಪೈಪು ಹಿಡಿದು ಅದರ ಮೇಲೆ ಬಿಟ್ಟೇಬಿಟ್ಟಿತು. ವಿಜ್ಞಾನಿ ಹುಡುಗಿ ಶೋನಾ ತಲೆ ಹಿಡಿದುಕೊಂಡಳು. “ತೊಳೆದೇ ಬಿಟ್ರಾ ಅಜ್ಜಾ? ಆ ಮೇಲಿನ ಪದರಕ್ಕೇ ಅಲ್ವಾ ನಾವು ಇಷ್ಟು ದೂರ ಬಂದಿದ್ದು!” ಒಂದೇ ವರ್ಷ ಓದಿದ ಕಾಲೇಜಿನ ಇಂಗ್ಲಿಷ್ ಹುಡುಕಿ ಕ್ಷಮೆ ಕೇಳುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಅಡುಗೆಯವನು ಬೇರೆ, “ಪಾತ್ರೆ ತೊಳಿ ಅಂದ್ರೆ ಮಾತ್ರ ಸೊಂಟ ನೋವು ನಿಂಗೆ” ಅಂದ. ಕೊಳವೆಯನ್ನು ಮತ್ತೆ ಇಳಿಸಿ ಎತ್ತಿದೆವು. ಭುಜ ಕಳಚಿ ಬೀಳುವಂತಿದೆ. ನನ್ನ ಹೆಂಡತಿ ಗುನ್ವರ್ ಬದುಕಿದ್ದರೆ ಬೈಯುತ್ತಲೇ ಮುಲಾಮು ತಿಕ್ಕುತ್ತಿದ್ದಳು.

ಹೇಳಬೇಕಾದ್ದು ಬೇರೆಯೇ ಇದೆ. ನುಣುಪು ಕೆಸರಿನಲ್ಲೇ ಇಂಗಾಲ ಹೆಚ್ಚಂತೆ, ಸಿಗಡಿ ಸಿಗುವುದೂ ಅಲ್ಲೇ. ಕೆಸರು ಕೆದಕಿದರೆ ಆ ಇಂಗಾಲ ಹೊರಬರುತ್ತದಂತೆ, ಅದಕ್ಕೇ ಇಂಗಾಲ ಹೆಚ್ಚಿದ್ದು ನಕ್ಷೆಯಲ್ಲಿ ಬಣ್ಣ ಗಾಢವಾದ ಕಡೆ ತಳ ಕೆರೆಯುವ ಬಲೆ ಎಳೆಯುವುದನ್ನು ಮುಂದೆ ನಿಲ್ಲಿಸಬಹುದು ಅನ್ನುತ್ತಾರೆ. ಮುಂದಿನ ತಿಂಗಳು ಈ ಹಡಗು ನಮ್ಮೂರಿನ ಫ್ಯೋರ್ಡ್ ಕೊಲ್ಲಿಗೇ ಬರುತ್ತದೆ, ನಿನ್ನ ಗಂಡ ಹಾಲ್ವರ್ ಸಿಗಡಿ ಹಿಡಿಯುವ ಜಾಗಕ್ಕೇ. ಬಂದರಿನಲ್ಲಿ ಯಾರ ಬಾಯಿಂದಲೋ ಅವನು ಕೇಳುವುದು ಬೇಡ, ನೀನೇ ಹೇಳು. ಅಲ್ಲಿಯ ಕೆಸರು ಎತ್ತುವವನು ನಾನೇ ಎಂಬುದನ್ನೂ ಮುಚ್ಚಿಡಬೇಡ. ಆ ದಿನ ನನ್ನ ಊಟ ನಿಮ್ಮ ಮನೆಯಲ್ಲೋ ಹಡಗಿನಲ್ಲೋ ಅವನೇ ಹೇಳಲಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಅಣ್ಣ ಆಸ್ಬ್ಯೋರ್ನ್