ನಡುವೆ ನಿಂತವಳು

ಅಪ್ಪಾ,

ಇವತ್ತು ನಿಮ್ಮ ಮಗಳು ಮಧ್ಯಸ್ಥಿಕೆ ವಹಿಸಿ ಬಂದಳು, ನಗಬೇಡಿ. ನಿಮ್ಮ ತಲೆಗೆ ಕತ್ತರಿ ಆಡಿಸುತ್ತಿದ್ದ ಕಟಿಂಗ್ ಅಂಗಡಿಯ ಅಣ್ಣತಮ್ಮಂದಿರು ಅಂಗಡಿಯ ನಡುವೆ ಗೋಡೆ ಎಬ್ಬಿಸುವ ಹಟಕ್ಕೆ ಬಿದ್ದಿದ್ದರು. "ನಿಮ್ಮಪ್ಪ ಇದ್ದಿದ್ರೆ ಅವರನ್ನೇ ಕರೀತಿದ್ವಿ, ಈಗ ನೀನೇ ಬಾಮ್ಮ" ಎಂದು ಅಣ್ಣ ಮನೆಗೇ ಬಂದ.

ಮಧ್ಯಸ್ಥ ಎಂಬ ಪದವನ್ನು ಚಿಕ್ಕಂದಿನಲ್ಲಿ ನೀವೇ ನನಗೆ ಬಿಡಿಸಿ ಹೇಳಿದ್ದಿರಿ: "ಸಂಸ್ಕೃತದಿಂದ ಬಂದ ಮಾತು ಕಣೇ. ಮಧ್ಯ ಅಂದ್ರೆ ನಡು, ಸ್ಥ ಅಂದ್ರೆ ನಿಂತಿರೋನು. ಮೇಲೆ ಕೂತು ತೀರ್ಪು ಕೊಡೋನಲ್ಲ." ಹಾಗಾಗಿ ಅಂಗಡಿಯ ಎರಡು ಕುರ್ಚಿಗಳ ನಡುವೆ ಹೋಗಿ ನಿಂತೆ.

"ಗಿರಾಕಿಗಳ ಮುಂದೆ ನನ್ನನ್ನ ಬೈಬೇಡ ಅಂತ ಅವನಿಗೆ ಹೇಳಮ್ಮ" ಎಂದ ತಮ್ಮ. "ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಾ ಅಂತ ಇವನಿಗೆ ಹೇಳು" ಎಂದ ಅಣ್ಣ. ಕೈಚಾಚಿದರೆ ಸಿಗುವಷ್ಟು ಹತ್ತಿರ ಇದ್ದವರ ಮಾತನ್ನು ಅತ್ತಿಂದಿತ್ತ ಹೊತ್ತು ನನಗೆ ಸಾಕಾಯಿತು. ಸರಿದು ಬಾಗಿಲ ಬಳಿ ನಿಂತುಕೊಂಡೆ.

ಈಗ ಇಬ್ಬರೂ ಎದುರುಬದುರಾದರು. ಅಣ್ಣ ತಮ್ಮನನ್ನೇ ದಿಟ್ಟಿಸಿ, "ಥೂ, ಊರಿಗೆಲ್ಲ ಕಟಿಂಗ್ ಮಾಡ್ತೀಯ, ನಿನ್ನ ತಲೆ ನೋಡ್ಕೊಂಡಿದ್ದೀಯೇನೋ? ಕೂತ್ಕೋ" ಎಂದ. ತಮ್ಮ ಕುರ್ಚಿಯಲ್ಲಿ ಕೂತ. ಕತ್ತರಿಯ ಸದ್ದಿನ ಜೊತೆ ಮೊದಲು ಬೈಗುಳ ಕೇಳಿಸಿತು, ಆಮೇಲೆ ನಗು. ಗೋಡೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹೂವಿನಷ್ಟು ಹಗುರಾದ ಮನಸ್ಸಿನಿಂದ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ತರಕಾರಿ ಹೆಚ್ಚುತ್ತಲೇ, "ಒಳ್ಳೇದಾಯ್ತು ಅಂತ ನಿಮ್ಮಪ್ಪಂಗೆ ಹೇಳು" ಎಂದಳು.

ನೀವಿದ್ದಾಗಲೂ ನಿಮ್ಮಿಬ್ಬರ ಮಾತು ನನ್ನ ಮೂಲಕವೇ ಓಡಾಡುತ್ತಿತ್ತಲ್ಲ. ಅದಕ್ಕೇ ಹೇಳುತ್ತಿದ್ದೇನೆ.