ನೀಲಿ ಚೌಕಳಿಯ ಪುಸ್ತಕ

ಮಾರ್ಚ್ ೧೨, ಗುರುವಾರ

ಪ್ರೀತಿಯ ಗಿಣಿ,

ನೀನು ಎದ್ದು ಓಡಾಡುವಂತಾಗಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಾನು ಹಾಗೇ ಇದ್ದೇನೆ, ಬಾಯೊಂದು ಗಟ್ಟಿ. ನಿನ್ನ ಕಾರ್ಡು ಬಂದು ಏಳು ವಾರವಾಯಿತು. "ನಲವತ್ತು ವರ್ಷದ ಸ್ನೇಹ ನಿಮ್ದು, ನೀವೇ ಬರೀರಿ ಅಮ್ಮ" ಎಂದು ನಮ್ಮ ಚರ್ಚಿನ ಸಭಾಪಾಲಕರು ಉತ್ತರ ಬರೆಯುವ ಕೆಲಸವನ್ನು ಅವತ್ತೇ ನನಗೆ ಒಪ್ಪಿಸಿದರು. ಕಣ್ಣು ಮಂಜು, ಪೆನ್ನು ಸರಿಯಿಲ್ಲ ಎಂದು ಅವರಿಗೆ ನೆಪ ಹೇಳಿಕೊಂಡು ಬಂದೆ. ನಿನಗೆ ಹೇಳಿ ಪ್ರಯೋಜನವಿಲ್ಲ, ನೀನು ನಂಬುವವಳಲ್ಲ. ತಡವಾದದ್ದಕ್ಕೆ ಕ್ಷಮಿಸು.

ಸೊಂಟದ ಮೂಳೆ ಕೂಡಿಕೊಂಡಿತೇ? ತಮ್ಮನ ಮನೆಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದೀಯೋ, ಇಲ್ಲ ಆ ಕೋಲಿನಿಂದ ಅವನ ಹೆಂಡತಿಯನ್ನು ಹೆದರಿಸುತ್ತಿದ್ದೀಯೋ? ಅವಳು ಒಳ್ಳೆಯವಳು, ಕಾಡಬೇಡ. ನೀನು ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಎಲ್ಲರಿಗೂ "ಲೈನಿನಲ್ಲಿರಿ, ಲೈನಿನಲ್ಲಿರಿ" ಎಂದವಳು. ಈಗ ನೀನೂ ಸ್ವಲ್ಪ ತಾಳ್ಮೆಯಿಂದಿರು.

ನಿನ್ನ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು. "ನನ್ನ ಹಾಡಿನ ಪುಸ್ತಕ ಯಾರಿಗಾದರೂ ಕೊಟ್ಟುಬಿಡಿ. ಎರಡು ದಿನ ನೆಲದ ಮೇಲೆ ಬಿದ್ದಿದ್ದವಳನ್ನು ಬಂದು ನೋಡದ ಸಭೆಗೆ ನಾನು ಇನ್ನು ಸೇರಿದವಳಲ್ಲ." ಸಭಾಪಾಲಕರು ಎಲ್ಲರೆದುರು ಓದಲು ಶುರುಮಾಡಿ ಎರಡನೇ ಸಾಲಿನ ಅರ್ಧಕ್ಕೇ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು.

ಪುಸ್ತಕವನ್ನು ಯಾರಿಗೂ ಕೊಟ್ಟಿಲ್ಲ ಕಣೇ. ಗೋಡೆಯ ಹಲಗೆಯ ಮೇಲೆ ನಿನ್ನ ಜಾಗದಲ್ಲೇ ಇದೆ, ಎಡಗಡೆಯಿಂದ ನಾಲ್ಕನೆಯದು. ನಾನೇ ಹೊಲಿದ ನೀಲಿ ಚೌಕಳಿಯ ಕವರು, ಒಂದು ಬಿಳಿ ಗುಂಡಿ.

ಸಮಾಚಾರ ಕೇಳು. ಯೂನಿಫಾರಂ ಕಾರ್ಖಾನೆಗೆ ಹಾಕಿದ ಬೀಗ ಇನ್ನೂ ತೆಗೆದಿಲ್ಲ, ತೆಗೆಯುವುದೂ ಇಲ್ಲವಂತೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲೇ ಇದ್ದಾರೆ. ಆದರೂ ಸೈಕಲ್ ಅಂಗಡಿಯ ಮೇಲಿನ ನಮ್ಮ ಹಾಲ್ ಭಾನುವಾರ ತುಂಬುತ್ತದೆ. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ನಮ್ಮ ಪ್ರಾರ್ಥನೆ. ಹಿಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಆರು ಜನ ಹೆಂಗಸರು ದಿಂಬಿನ ಚೀಲ ಹೊಲಿಯುತ್ತಾರೆ. ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ. ಹಾಡು ಮಾತ್ರ ನೀನಿಲ್ಲದೆ ಕೆಟ್ಟುಹೋಗಿದೆ. ಇಸ್ತ್ರಿಯವನು ಎತ್ತಿದ ಶ್ರುತಿಗೆ ಯಾರ ಗಂಟಲೂ ಏರುವುದಿಲ್ಲ. ಎರಡನೇ ಚರಣಕ್ಕೆ ಅವನೊಬ್ಬನೇ ಉಳಿಯುತ್ತಾನೆ, ಪಾಪ.

ಹೊಸದಾಗಿ ಆಂಬುಲೆನ್ಸ್ ಡ್ರೈವರಿನ ಕುಟುಂಬ ಬರುತ್ತಿದೆ. ಅವನ ಹೆಂಡತಿ ಹಲಗೆ ನೋಡಿ, "ಇದೇನಮ್ಮ, ಪುಸ್ತಕಕ್ಕೆಲ್ಲ ಬೇರೆಬೇರೆ ಬಟ್ಟೆ ಹಾಕಿದೀರಾ?" ಎಂದಳು. ನಾನು ಹೇಳಿದೆ: "ಮನೆಗೊಂದು ಬಟ್ಟೆ ಕಣಮ್ಮ. ಬಂದೋರು ತಮ್ಮ ಪುಸ್ತಕ ತಗೋತಾರೆ. ಎರಡನೇ ಹಾಡು ಮುಗಿದ ಮೇಲೆ ಹಲಗೆ ಮೇಲೆ ಯಾವುದು ಉಳಿದಿರುತ್ತೋ, ಆ ಮನೆಯೋರು ಬಂದಿಲ್ಲ ಅಂತ. ಅವತ್ತು ಸಂಜೆಯೊಳಗೆ ಯಾರಾದರೂ ಬ್ರೆಡ್ಡು ತಗೊಂಡು ಅವರ ಮನೆಗೆ ಹೋಗಲೇಬೇಕು. ಊರಿಗೆ ಹೋಗೋದಾದ್ರೆ ಮಾತ್ರ ಪುಸ್ತಕ ಮೊದಲೇ ಜೊತೇಲಿ ಒಯ್ಯಬೇಕು, ನಾವು ಬೀಗ ಹಾಕಿದ ಮನೆಗೆ ಹೋಗಿ ಬರೋದು ತಪ್ಪುತ್ತೆ."

ಕಾರ್ಖಾನೆ ಮುಚ್ಚಿದ ತಿಂಗಳು ಹನ್ನೊಂದು ಪುಸ್ತಕ ಹಲಗೆಯಲ್ಲೇ ಉಳಿದದ್ದನ್ನೂ ಅವಳಿಗೆ ಹೇಳಿದೆ. ನೆನಪಿದೆಯಾ? ಮುಖ ತೋರಿಸಲು ನಾಚಿಕೆಯಾಗಿ ಕೂತಿದ್ದವರ ಹನ್ನೊಂದು ಬಾಗಿಲನ್ನೂ ನಾವಿಬ್ಬರೇ ತಟ್ಟಿದ್ದೆವು. ಕಟಿಂಗ್ ಮಾಸ್ತರು ಬಾಗಿಲು ತೆರೆಯದಿದ್ದಾಗ ನೀನು ಮೆಟ್ಟಿಲ ಮೇಲೇ ಕೂತು ಹಾಡತೊಡಗಿದೆ. "ನಿಲ್ಲಿಸಮ್ಮ ತಾಯಿ, ಬರ್ತೀನಿ" ಎಂದು ಅವರು ಬನಿಯನ್ನಿನಲ್ಲೇ ಹೊರಗೆ ಬಂದರು. ಮುಂದಿನ ತಿಂಗಳು ಹಲಗೆ ಖಾಲಿಯಾಗಿತ್ತು. ದೇವರು ನಮ್ಮನ್ನು ಕೈಬಿಟ್ಟಿಲ್ಲ ಎಂದು ಅವತ್ತು ನಾನು ನಿಜವಾಗಿ ನಂಬಿದೆ. ಹೊಸಬಳು ಕಣ್ಣೊರೆಸಿಕೊಂಡು, "ಎಂಥಾ ಒಳ್ಳೆ ಜನ ನೀವು" ಎಂದಳು. ನನಗೆ ಅಲ್ಲಿ ನಿಲ್ಲಲಾಗದೆ ಹಿಂದಿನ ಕೋಣೆಗೆ ಹೋಗಿ ದಾರ ಹುಡುಕುವವಳ ಹಾಗೆ ನಟಿಸಿದೆ.

ನಮ್ಮ ವಾಚ್‌ಮನ್ ವಿಷಯ ನಿನಗೆ ತಿಳಿದಿರಲಿಕ್ಕಿಲ್ಲ. ನೀನು ಬಿದ್ದ ಭಾನುವಾರ ಹಲಗೆ ನೋಡುವ ಸರದಿ ಅವನದು. ನಿನ್ನ ಸುದ್ದಿ ತಿಳಿದು ಬುಧವಾರ ನಾವೆಲ್ಲ ಹಾಲ್‌ಗೆ ಬಂದಾಗ ನಿನ್ನ ಪುಸ್ತಕ ಅದರ ಜಾಗದಲ್ಲೇ ಇತ್ತು. ಅದನ್ನು ನೋಡಿದವನು ಗೋಡೆ ಹಿಡಿದುಕೊಂಡು ಕೂತ. ಅವತ್ತಿನಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದು ಬರುವುದಿಲ್ಲ, ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ. ಸಭಾಪಾಲಕರು ಎಷ್ಟು ಸಮಾಧಾನ ಹೇಳಿದರೂ ಅವನದು ಒಂದೇ ಮಾತು: "ಕಣ್ಮುಂದೆ ಇತ್ತು ಅಯ್ಯಾ, ನನಗೆ ಕಾಣಿಸ್ಲಿಲ್ಲ. ಊರೋರ ಬಾಗಿಲೆಲ್ಲ ಕಾಯ್ತೀನಿ, ನಮ್ಮಕ್ಕನ ಬಾಗಿಲು ಕಾಯ್ಲಿಲ್ಲ."

ನೀನು ಅವನನ್ನು ಬೈಯಬೇಡ. ಸಭೆಯನ್ನೂ ಬೈಯಬೇಡ. ಆಸ್ಪತ್ರೆಯಲ್ಲಿ ನೀನು ಗೋಡೆಯ ಕಡೆ ತಿರುಗಿಕೊಂಡು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ಚರ್ಚಿಗೆ ಹೊರಟು ಚಪ್ಪಲಿ ಹಾಕ್ಕೊಳ್ಳೋವಾಗ ಬಿದ್ದೆ ಕಣೇ. ರೇಡಿಯೋ ಆರಿಸೋಕೆ ಕೈ ಎಟುಕಲಿಲ್ಲ. ಎರಡು ದಿನ ಅದೊಂದೇ ಹಾಡ್ತಿತ್ತು. ಮಂಗಳವಾರ ಮನೆ ಯಜಮಾನಿ ಸದ್ದು ಕಮ್ಮಿ ಮಾಡು ಅಂತ ಬೈಯೋಕೆ ಬಂದಳಲ್ಲ, ಅವಳೇ ನನ್ನ ಪಾಲಿನ ದೇವದೂತೆ. ನಿಮ್ಮಲ್ಲಿ ಯಾರೂ ಅಲ್ಲ." ನಾನು ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ಅದೆಷ್ಟು ಸಣ್ಣಗೆ ಬಿಡಿಸಿದೆನೆಂದರೆ ಕೊನೆಗೆ ತಿನ್ನಲು ಏನೂ ಉಳಿಯಲಿಲ್ಲ.

ಇನ್ನೊಂದು ಒಪ್ಪಿಕೊಳ್ಳುವುದಿದೆ. ನೀನು ಬೀಳುವ ಹಿಂದಿನ ಭಾನುವಾರ ಪ್ರಭುಭೋಜನದ ಮೇಜಿಗೆ ನಾನು ಹೊಲಿದ ಬಿಳಿ ಬಟ್ಟೆ ನೋಡಿ ನೀನು ಎಲ್ಲರೆದುರು, "ಸೂಜಿ, ಅಂಚು ಓರೆಯಾಗಿದೆ ಕಣೇ" ಎಂದು ನಕ್ಕೆಯಲ್ಲ? ನಲವತ್ತು ವರ್ಷ ಹೊಲಿದವಳಿಗೆ ಆ ಮಾತು! ಆ ವಾರವೆಲ್ಲ ನಿನ್ನ ಜೊತೆ ಮಾತು ಬಿಟ್ಟೆ. ಮೊನ್ನೆ ಟೇಪು ಹಿಡಿದು ನೋಡಿದೆ. ಅರ್ಧ ಇಂಚು ಓರೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ, ಯಾರಿಗೂ ಹೇಳಿಲ್ಲ. ಬಟ್ಟೆ ಬಿಚ್ಚಿ ಮತ್ತೆ ಹೊಲಿದೆ. ನೀನೇ ಸರಿ, ನಾನೇ ತಪ್ಪು. ಇಷ್ಟನ್ನು ಬರೆಯಲು ನನಗೆ ಏಳು ವಾರ ಬೇಕಾಯಿತು ಅಂದುಕೋ.

ವೇಳೆಗೆ ಸರಿಯಾಗಿ ಮಾತ್ರೆ ತಗೋ. ಒದ್ದೆ ನೆಲದ ಮೇಲೆ ಕಾಲಿಡಬೇಡ. ನಿನ್ನನ್ನು ಎತ್ತಿ ನಿಲ್ಲಿಸಿದಾತನು ನಿನ್ನ ಪ್ರತಿ ಹೆಜ್ಜೆಯನ್ನೂ ಕಾಯಲಿ. ತಮ್ಮನಿಗೆ, ಅವನ ಹೆಂಡತಿಗೆ, ಮಕ್ಕಳಿಗೆ ನನ್ನ ಹಾರೈಕೆ ತಿಳಿಸು.

ನಿನ್ನ
ಸೂಜಿ

ಮರೆತ ಮಾತು: ಮರೆತದ್ದಲ್ಲ. ನಿನ್ನೆ ಲಕೋಟೆ ಅಂಟಿಸಿಬಿಟ್ಟಿದ್ದೆ, ಈಗ ಮತ್ತೆ ಬಿಚ್ಚಿದ್ದೇನೆ.

ವಾಚ್‌ಮನ್ ಕಣ್ಣು ತಪ್ಪಿಲ್ಲ, ಗಿಣಿ. ಅವನು ನೋಡಿದಾಗ ನಿನ್ನ ಪುಸ್ತಕ ಹಲಗೆಯ ಮೇಲಿರಲಿಲ್ಲ, ನನ್ನ ಚೀಲದಲ್ಲಿತ್ತು. ಎರಡನೇ ಹಾಡಿಗೂ ನೀನು ಬಾರದಿದ್ದಾಗ, ನಾನು ಮಾತು ಬಿಟ್ಟೆನೆಂಬ ಮುನಿಸಿಗೆ ಮನೆಯಲ್ಲಿ ಕೂತಿದ್ದೀಯ ಎಂದುಕೊಂಡೆ. ಈ ಮಹಾರಾಣಿಯನ್ನು ಓಲೈಸಲು ಬ್ರೆಡ್ಡು ಹಿಡಿದು ಯಾಕೆ ಹೋಗಬೇಕು, ಒಂದು ವಾರ ಯಾರೂ ಬಾಗಿಲು ತಟ್ಟದಿದ್ದರೆ ಬುದ್ಧಿ ಬರುತ್ತೆ ಎನಿಸಿತು. ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಕೈ ಚಾಚಿ ಎತ್ತಿಕೊಂಡೆ. ಆಮೇಲೆ ವಾಚ್‌ಮನ್, "ಗಿಣಿಯಕ್ಕ ಎಲ್ಲಿ?" ಎಂದ. "ಪುಸ್ತಕ ಇಲ್ವಲ್ಲ, ಊರಿಗೆ ಹೋಗಿರ್ತಾಳೆ" ಎಂದೆ. ಬುಧವಾರ ಎಲ್ಲರಿಗಿಂತ ಮೊದಲು ಬಂದು ಅದನ್ನು ವಾಪಸ್ ಇಟ್ಟವಳೂ ನಾನೇ. ನಾನು ಹಾಗಂದದ್ದನ್ನು ಅವನು ಇವತ್ತಿನವರೆಗೂ ಯಾರೆದುರೂ ಎತ್ತಿಲ್ಲ.

ಇವತ್ತು ಬೆಳಿಗ್ಗೆ ಅವನ ಗೇಟಿನ ಹತ್ತಿರ ಹೋಗಿ ಎಲ್ಲ ಹೇಳಿದೆ. ಬಂದ ಕಾರಿಗೆ ಗೇಟು ತೆಗೆದು ಮುಚ್ಚಿದ. ಆಮೇಲೆ, "ಅಕ್ಕನಿಗೆ ಬರೆದ್ರಾ?" ಎಂದು ಮಾತ್ರ ಕೇಳಿದ. ಭಾನುವಾರ ಎದ್ದುನಿಂತು ಸಭೆಗೂ ಹೇಳುತ್ತೇನೆ. ಬಿಟ್ಟು ಹೋಗುವುದಾದರೆ ನನ್ನನ್ನು ಬಿಡು, ಅವರನ್ನು ಬಿಡಬೇಡ.

ಇನ್ನೂ ಒಂದಿದೆ. ಇದನ್ನು ವಾಚ್‌ಮನ್‌ಗೂ ಹೇಳಲು ಬಾಯಿ ಬರಲಿಲ್ಲ. ನೀನು ಬಿದ್ದ ಮರುದಿನ, ಸೋಮವಾರ ಸಂಜೆ, ಮನಸ್ಸು ತಡೆಯದೆ ಬ್ರೆಡ್ಡು ತಗೊಂಡು ನಿನ್ನ ಮನೆಗೆ ಬಂದಿದ್ದೆ. ಮೆಟ್ಟಿಲ ಕೆಳಗೆ ನಿಂತಾಗ ಮೇಲೆ ನಿನ್ನ ರೇಡಿಯೋ ಜೋರಾಗಿ ಹಾಡುತ್ತಿತ್ತು. ನನ್ನನ್ನು ಅಳಿಸಿ ಇವಳು ಹಾಡು ಕೇಳುತ್ತಾ ಕೂತಿದ್ದಾಳೆ ಎಂದುಕೊಂಡೆ. ಅಲ್ಲೇ ನಿಂತು ಆ ಹಾಡು ಮುಗಿಯುವವರೆಗೆ ಕೇಳಿ, ಬ್ರೆಡ್ಡು ಸಮೇತ ಮನೆಗೆ ವಾಪಸ್ ಹೋದೆ.