ಎಂಟು ಎಂದು ಬರೆದ ಹುಡುಗಿ

ಮನೆಯಿಂದ
18 ಫೆಬ್ರವರಿ 2007, ಭಾನುವಾರ

ಪ್ರೀತಿಯ ಗುಬ್ಬೀ,

ನಿನ್ನ ಮೂರು ಪತ್ರಗಳು ಮೇಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿವೆ. ಎರಡು ತಿಂಗಳಿಂದ ಒಂದಕ್ಕೂ ಉತ್ತರ ಬರೆದಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಸ್ವಲ್ಪ ಕೆಲಸ ಎಂದು ಜಾರಿಕೊಂಡೆ. ಮೊದಲು ಬೈದುಬಿಡು, ಆಮೇಲೆ ಓದು. ನಾನು ಚೆನ್ನಾಗಿದ್ದೇನೆ. ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ಮಾತಾಡುತ್ತದೆ. ಮೊಮ್ಮಗನ ಮುಂದಿನ ಹಲ್ಲು ಬಿದ್ದು ಅವನ ಮಾತೆಲ್ಲ ಗಾಳಿಯಾಗಿರುವ ಸುದ್ದಿ ಓದಿ ಒಬ್ಬಳೇ ನಕ್ಕೆ. ಡಿಪೋದ ಹೊಸ ವೇಳಾಪಟ್ಟಿಯನ್ನು ನಿನ್ನ ಕೈಗೇ ಕೊಟ್ಟರಂತೆ. ಒಳ್ಳೆಯದಾಯಿತು, ಬಸ್ಸು ತಡವಾದರೆ ಯಾರನ್ನು ಬೈಯಬೇಕೆಂದು ಆ ಊರಿನವರಿಗೆ ಇನ್ನು ಗೊತ್ತಾಗುತ್ತದೆ.

ಈಗ ನನ್ನ ಸುದ್ದಿ. ಗೆದ್ದೆ ಕಣೇ. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ನಿನ್ನ ಅಮ್ಮ ಪರೀಕ್ಷಾ ಕಚೇರಿಯ ಮೇಲೆ ಯುದ್ಧಕ್ಕೆ ಹೋಗಿ ಗೆದ್ದು ಬಂದಳು. ನಿಧಾನವಾಗಿ ಹೇಳುತ್ತೇನೆ, ಕೇಳು.

ಕಳೆದ ಆಗಸ್ಟಿನಲ್ಲಿ ಖಗೋಳ ವಿಜ್ಞಾನಿಗಳೆಲ್ಲ ಒಂದು ಕಡೆ ಸೇರಿ, ಕೈ ಎತ್ತಿ ಮತ ಹಾಕಿ, ಗ್ರಹ ಎಂದರೆ ಯಾವುದು ಎಂದು ತೀರ್ಮಾನಿಸಿದ್ದು ನಿನಗೆ ನೆನಪಿರಬಹುದು. ಸೂರ್ಯನನ್ನು ಸುತ್ತಬೇಕು, ತನ್ನ ತೂಕಕ್ಕೆ ತಾನೇ ದುಂಡಗಾಗಿರಬೇಕು, ತಾನು ಓಡಾಡುವ ದಾರಿಯಲ್ಲಿ ಬೇರೆ ಕಲ್ಲುಬಂಡೆಗಳು ಪಾಲುದಾರರಾಗಿ ಉಳಿದಿರಬಾರದು. ಮೂರನೆಯದರಲ್ಲಿ ಪ್ಲೂಟೊ ಬಿದ್ದುಹೋಯಿತು. ಮಾರನೆಯ ದಿನವೇ ನಾನು ಪತ್ರಿಕೆಯನ್ನು ಆರನೇ ತರಗತಿಗೆ ಒಯ್ದು ಓದಿ ಹೇಳಿದೆ. ಇನ್ನು ಗ್ರಹಗಳು ಎಂಟು, ಪುಸ್ತಕದಲ್ಲಿ ಒಂಬತ್ತು ಎಂದಿರುವುದು ಹಳೆಯದಾಯಿತು, ಎಂದೆ.

ಊರಿನಲ್ಲಿ ಆಗ ಶುರುವಾದ ಗಲಾಟೆ ನೋಡಬೇಕಿತ್ತು. ಪ್ಲೂಟೊದ ಹೆಸರನ್ನು ಪರೀಕ್ಷೆಯ ದಿನ ಬಿಟ್ಟರೆ ಬಾಯಲ್ಲಿ ತಾರದವರೆಲ್ಲ ಅದಕ್ಕೆ ಸ್ವಂತ ಚಿಕ್ಕಪ್ಪ ಚಿಕ್ಕಮ್ಮ ಆಗಿಬಿಟ್ಟರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಎದ್ದು ನಿಂತು ವಾದ ಮಾಡಿದರಂತೆ. ಪಾಪ, ದೂರದಲ್ಲಿ ತನ್ನ ಪಾಡಿಗೆ ತಾನಿತ್ತು, ಅದರ ತಂಟೆಗೇಕೆ ಹೋಗಬೇಕಿತ್ತು ಎಂದು ಔಷಧಿ ಅಂಗಡಿಯಾಕೆ ನನ್ನನ್ನೇ ಕೇಳಿದಳು, ನಾನೇ ತೆಗೆದುಹಾಕಿದವಳ ಹಾಗೆ. ಕೈ ಎತ್ತಿಸಿ ಗ್ರಹ ತೀರ್ಮಾನಿಸುವುದಾದರೆ ನಾಳೆ ಕೈ ಎತ್ತಿಸಿ ಎರಡು ಮತ್ತು ಎರಡು ಐದು ಎನ್ನಬಹುದಲ್ಲ ಎಂದು ನಮ್ಮ ಗಣಿತದ ಮೇಷ್ಟ್ರ ತಕರಾರು. ನಮ್ಮ ಹೆಡ್‌ಮಾಸ್ಟರು ಮಾತ್ರ, ಗ್ರಹ ಹೋದರೂ ನಮ್ಮ ಗ್ರಹಚಾರ ಹೋಗಲಿಲ್ಲ ಎಂದು ನಕ್ಕು ಸುಮ್ಮನಾದರು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದವರು ಗಡಿಯಾರದ ತಾತ. ಶಾಲೆಯ ರಸ್ತೆಯ ಮೂಲೆಯಲ್ಲಿ ಇವತ್ತಿಗೂ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ, ಎಂಬತ್ತಾರು ದಾಟಿದ ಅದೇ ತಾತ. ತಮಗೆ ಹತ್ತು ವರ್ಷವಿದ್ದಾಗ ಬಂದ ಗ್ರಹ ತಾವು ಬದುಕಿರುವಾಗಲೇ ಹೋಗುವುದು ಹೇಗೆ ಸಾಧ್ಯ ಎಂದು, ಪ್ಲೂಟೊವನ್ನು ವಾಪಸು ಸೇರಿಸಬೇಕೆಂಬ ಮನವಿ ಬರೆದು, ಗಡಿಯಾರ ರಿಪೇರಿಗೆ ಬಂದವರಿಂದೆಲ್ಲ ಸಹಿ ಹಾಕಿಸತೊಡಗಿದರು. ಸಹಿ ಹಾಕದಿದ್ದರೆ ಗಡಿಯಾರ ವಾಪಸಿಲ್ಲ. ನನ್ನ ಕೈಗಡಿಯಾರ ತಿಂಗಳುಗಟ್ಟಲೆ ಅಲ್ಲೇ ಬಿದ್ದಿತ್ತು.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ನವೆಂಬರಿನಲ್ಲಿ ವಸತಿ ಶಾಲೆಯ ಆಯ್ಕೆ ಪರೀಕ್ಷೆ ಬಂತು. ಅಲ್ಲಿ ಸೀಟು ಸಿಕ್ಕ ಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೂ ಓದು, ಊಟ, ಹಾಸಿಗೆ ಎಲ್ಲ ಅಲ್ಲೇ. ನನ್ನ ತರಗತಿಯಲ್ಲಿ ಖಂಡಿತ ಆಯ್ಕೆಯಾಗುವವಳು ಎಂದು ನಾನು ನಂಬಿದ್ದು ನಮ್ಮ ಬೀದಿಯ ಟೈಲರ್ ಮಗಳನ್ನು. ತೆಳ್ಳಗೆ, ಚೂಪಾಗಿ ಇರುವುದರಿಂದ ಮಕ್ಕಳೆಲ್ಲ ಅವಳನ್ನು ಸೂಜಿ ಎಂದೇ ಕರೆಯುತ್ತಾರೆ. ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ ಸೂಜಿ ಒಂದೇ ಒಂದು ಅಂಕದಿಂದ ಹೊರಗುಳಿದಿದ್ದಳು. ಸೌರವ್ಯೂಹದಲ್ಲಿ ಎಷ್ಟು ಗ್ರಹಗಳಿವೆ ಎಂಬ ಪ್ರಶ್ನೆಗೆ ಅವಳು ಎಂಟು ಎಂದು ಬರೆದಿದ್ದಳು. ಅವರ ಸರಿಯುತ್ತರದ ಪಟ್ಟಿಯಲ್ಲಿ ಇದ್ದದ್ದು ಒಂಬತ್ತು.

ಸಂಜೆ ಟೈಲರ್ ಮನೆಗೆ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ತೆಗೆಯುವುದನ್ನೂ ಮರೆತಿದ್ದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ: "ಟೀಚರ್, ನೀವು ಹೇಳಿಕೊಟ್ಟಿದ್ದು ಸರಿಯೇ ಇರಬಹುದು. ಇವಳ ಪಕ್ಕ ಕೂರೋ ಹುಡುಗಿ ನೀವು ಆ ಪಾಠ ಮಾಡಿದ ದಿನ ಜ್ವರ ಅಂತ ಸ್ಕೂಲಿಗೆ ಬಂದಿರ್ಲಿಲ್ಲ. ಒಂಬತ್ತು ಅಂತ ಬರೆದ್ಲು, ಸೀಟು ಸಿಕ್ತು. ನಮ್ಮ ಹುಡುಗಿ ಬಂದಿದ್ಲು."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಗುಬ್ಬೀ.

ಉಳಿದವರು ಅವನಷ್ಟು ಮೆತ್ತಗಿರಲಿಲ್ಲ. ನಮ್ಮ ಶಾಲೆಯ ಹನ್ನೊಂದು ಮಕ್ಕಳು ಎಂಟು ಎಂದು ಬರೆದು ಅಂಕ ಕಳೆದುಕೊಂಡಿದ್ದರು. ಪುಸ್ತಕದಲ್ಲಿಲ್ಲದ್ದನ್ನು ಹೇಳಿಕೊಟ್ಟು ಮಕ್ಕಳ ದಾರಿ ತಪ್ಪಿಸುವ ಈ ಶಿಕ್ಷಕಿಯನ್ನು ಆರನೇ ತರಗತಿಯಿಂದ ತೆಗೆಯಬೇಕು ಎಂದು ಪೋಷಕರು ಅರ್ಜಿ ಕೊಟ್ಟರು. ಹೆಡ್‌ಮಾಸ್ಟರು ನನ್ನನ್ನು ಕರೆದು, ಇನ್ನೊಂದು ವರ್ಷ ಚಿಲ್ಲರೆ ತಿಂಗಳು, ಕ್ಷಮೆ ಕೇಳಿ ಒಂದು ಸಾಲು ಬರೆದುಕೊಟ್ಟರೆ ಎಲ್ಲ ತಣ್ಣಗಾಗುತ್ತದೆ ಎಂದರು. ಮನುಷ್ಯ ಕೆಟ್ಟವರಲ್ಲ, ಗದ್ದಲವೆಂದರೆ ಆಗುವುದಿಲ್ಲ ಅಷ್ಟೇ. ನಿಜ ಹೇಳುತ್ತೇನೆ, ಬರೆಯಲೆಂದು ಹಾಳೆಯನ್ನೂ ತೆಗೆದುಕೊಂಡಿದ್ದೆ.

ಅದಕ್ಕೆ ಮೊದಲು ಸೂಜಿಯನ್ನು ಒಂದು ಮಾತು ಕೇಳೋಣ ಅನ್ನಿಸಿತು. ಪುಸ್ತಕದಲ್ಲಿ ಒಂಬತ್ತು ಇರುವುದು ಗೊತ್ತಿದ್ದೂ ಯಾಕೆ ಎಂಟು ಬರೆದೆ ಎಂದೆ. ಅವಳು ತನ್ನ ಚಪ್ಪಲಿ ನೋಡಿಕೊಂಡೇ ಹೇಳಿದಳು:

"ಒಂಬತ್ತು ಅಂತ ಬರೆದ್ರೆ ಅಂಕ ಸಿಗುತ್ತೆ ಅಂತ ಗೊತ್ತಿತ್ತು ಮಿಸ್. ಆದ್ರೆ ಅವರು ಪುಸ್ತಕದಲ್ಲಿ ಎಷ್ಟಿವೆ ಅಂತ ಕೇಳಿರ್ಲಿಲ್ವಲ್ಲ. ಎಷ್ಟಿವೆ ಅಂತ ಕೇಳಿದ್ರು."

ಕ್ಷಮೆಗೆಂದು ತೆಗೆದಿಟ್ಟ ಹಾಳೆಯ ಮೇಲೆ ಮೇಲ್ಮನವಿ ಬರೆದೆ.

ಪರೀಕ್ಷಾ ಕಚೇರಿ ನಾಲ್ಕು ಸಲ ಅದನ್ನು ವಾಪಸು ಕಳಿಸಿತು. ಒಂದು ಸಲ ನಮೂನೆ ತಪ್ಪು, ಒಂದು ಸಲ ಮೊಹರು ಇಲ್ಲ, ಎರಡು ಸಲ ಕಾರಣವೇ ಇಲ್ಲ. ಐದನೆಯ ಸಲ ಅಂಚೆಗೆ ಹಾಕದೆ ಬಸ್ಸು ಹತ್ತಿ ನಾನೇ ಹೋದೆ. ಕೊನೆಗೆ ಈ ತಿಂಗಳ ಆರಕ್ಕೆ ವಿಚಾರಣೆಗೆ ಕರೆದರು. ಸೂಜಿಯನ್ನೂ ಟೈಲರನ್ನೂ ಕರೆದುಕೊಂಡು ಹೊರಟೆ. ಬಸ್ ನಿಲ್ದಾಣದಲ್ಲಿ ನೋಡುತ್ತೇನೆ, ಇಸ್ತ್ರಿ ಮಾಡಿದ ಕೋಟು ತೊಟ್ಟು ಗಡಿಯಾರದ ತಾತ ನಿಂತಿದ್ದಾರೆ! ಗ್ರಹದ ವಿಷಯಕ್ಕೆ ವಿಚಾರಣೆಯಂತೆ, ನಾನೂ ಬರುತ್ತೇನೆ, ನಿಮ್ಮ ವಿರುದ್ಧ ಮಾತಾಡುವುದಕ್ಕೆ ಎಂದರು. ಏನು ಮಾಡಲಿ? ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟೆ.

ಕಚೇರಿ ಎರಡನೇ ಮಹಡಿ, ನನ್ನ ಮಂಡಿಗೆ ಹೇಳಿಮಾಡಿಸಿದ ಹಾಗೆ. ಕಾರಿಡಾರಿನ ಉದ್ದಕ್ಕೂ ದಾರ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟುಗಳು. ಉದ್ದನೆಯ ಮೇಜಿನ ಆಚೆ ನನ್ನದೇ ವಯಸ್ಸಿನ ಅಧ್ಯಕ್ಷೆ, ಅವರ ಬಲಕ್ಕೆ ಸರಿಯುತ್ತರದ ಪಟ್ಟಿ ತಯಾರಿಸಿದ ಅಧಿಕಾರಿ. ಆತನ ವಾದ ಸರಳ. ಪಠ್ಯಪುಸ್ತಕವೇ ನಮಗೆ ಆಧಾರ, ಅದು ಬದಲಾಗುವವರೆಗೆ ಗ್ರಹಗಳು ಒಂಬತ್ತು, ಶಿಕ್ಷಕಿ ಪತ್ರಿಕೆ ನೋಡಿ ಪಾಠ ಮಾಡಿದರೆ ಅದು ಅವರ ತಪ್ಪು. ನಾನು ಸೂಜಿಯ ಮಾತನ್ನೇ ಹೇಳಿದೆ. ಎಷ್ಟಿವೆ ಎಂದು ಕೇಳಿದಿರಿ, ಎಷ್ಟಿವೆಯೋ ಅಷ್ಟು ಬರೆದಿದ್ದಾಳೆ. ನಾಳೆ ವಿಜ್ಞಾನಿಗಳು ಮನಸ್ಸು ಬದಲಾಯಿಸಿದರೆ ಎಂದು ಆತ ಕೇಳಿದ. ನಾಳಿದ್ದು ಬೆಳಿಗ್ಗೆ ತರಗತಿಯಲ್ಲಿ ಒಂಬತ್ತು ಎನ್ನುತ್ತೇನೆ ಎಂದೆ. ಆತ ನಕ್ಕುಬಿಟ್ಟ, ಆದರೆ ಪಟ್ಟು ಬಿಡಲಿಲ್ಲ.

ಅಷ್ಟರಲ್ಲಿ ತಾತನಿಗೆ ತಾಳ್ಮೆ ತಪ್ಪಿತು. ಎದ್ದು ನಾನೂರ ಹನ್ನೆರಡು ಸಹಿಗಳ ಮನವಿಯನ್ನು ಅಧ್ಯಕ್ಷೆಯ ಮುಂದಿಟ್ಟರು. ಗ್ರಹಗಳನ್ನು ಸೇರಿಸುವ ಅಧಿಕಾರ ಈ ಕಚೇರಿಗಿಲ್ಲ ಎಂದು ಆಕೆ ನಯವಾಗಿಯೇ ಹೇಳಿದರು. ಆಗ ತಾತ ಕೋಟಿನ ಒಳಜೇಬಿನಿಂದ ಒಂದು ಹಳೆಯ ಶಾಲಾ ಪುಸ್ತಕ ತೆಗೆದು, ಒಂದು ಪುಟ ಬಿಚ್ಚಿ ಮೇಜಿನ ಮೇಲಿಟ್ಟರು.

"ಇದು ನನ್ನ ಪುಸ್ತಕ. ನಮ್ಮ ಮೇಷ್ಟ್ರು ತಮ್ಮ ಕೈಯಾರೆ ಒಂಬತ್ತು ಅಂತ ಬರೆದ್ರು. ಅದನ್ನ ಅಳಿಸೋಕೆ ನೀವೆಲ್ಲ ಯಾರು?"

ನಾನು ಬಗ್ಗಿ ನೋಡಿದೆ. ಗ್ರಹಗಳು ಎಂಟು ಎಂದು ಅಚ್ಚಾಗಿತ್ತು. ಎಂಟರ ಮೇಲೆ ನೀಲಿ ಶಾಯಿಯ ಗೆರೆ, ಪಕ್ಕದಲ್ಲಿ ಮುದ್ದಾದ ಅಕ್ಷರದಲ್ಲಿ ಒಂಬತ್ತು, ಅಂಚಿನಲ್ಲಿ 1930ರ ಒಂದು ತಾರೀಖು. ನೋಡಿದೆಯಾ, ನನ್ನ ವಿರುದ್ಧ ಸಾಕ್ಷಿ ಹೇಳಲು ಬಂದವರು ಏನನ್ನು ತಂದಿದ್ದರು ಎಂದು!

ಅವರ ಮೇಷ್ಟ್ರಿಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಪತ್ರಿಕೆಯಲ್ಲಿ ಓದಿ, ಎಂದರು ತಾತ. ಒಂಬತ್ತು ಎಂದು ಅಚ್ಚಾದ ಪುಸ್ತಕ ಬಂದದ್ದು ತಾವು ಶಾಲೆ ಬಿಟ್ಟ ಮೇಲಂತೆ. ಅಧ್ಯಕ್ಷೆ ಕನ್ನಡಕ ತೆಗೆದಿಟ್ಟು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆ ವರ್ಷದ ಪರೀಕ್ಷೆಯಲ್ಲಿ ನೀವೇನು ಬರೆದಿರಿ?"

"ಒಂಬತ್ತು."

"ಅಂಕ?"

"ಪೂರ್ತಿ ಕೊಟ್ರು. ಕೊಡದೆ ಇರೋಕಾಗುತ್ತಾ?"

ಅಧ್ಯಕ್ಷೆ ಪುಸ್ತಕವನ್ನು ಪಕ್ಕದ ಅಧಿಕಾರಿಯ ಕಡೆ ಸರಿಸಿದರು. ಆತ ಬಹಳ ಹೊತ್ತು ಆ ಪುಟ ನೋಡಿದ. ಆಮೇಲೆ ತನ್ನ ಪಟ್ಟಿಯನ್ನು ಮಡಚಿಟ್ಟ.

ನಿನ್ನೆ ಆದೇಶ ಬಂತು. ಎಂಟು ಎಂದು ಬರೆದ ಎಲ್ಲರಿಗೂ ಅಂಕ, ಒಂಬತ್ತು ಎಂದವರದ್ದನ್ನು ಕಿತ್ತುಕೊಳ್ಳುವುದಿಲ್ಲ. ಒಟ್ಟು ಇನ್ನೂರ ಹದಿನಾಲ್ಕು ಮಕ್ಕಳು, ಗುಬ್ಬೀ! ಅವರಲ್ಲಿ ಒಂಬತ್ತು ಮಂದಿಗೆ ಹೊಸದಾಗಿ ಸೀಟು. ಮೊದಲ ಹೆಸರು ಸೂಜಿಯದು. ಹೆಡ್‌ಮಾಸ್ಟರು ಆದೇಶವನ್ನು ಮಕ್ಕಳೆಲ್ಲರೆದುರು ನಿಂತು, ತಾವೇ ಹೋರಾಡಿದವರ ಗತ್ತಿನಲ್ಲಿ ಓದಿದರು. ಓದಲಿ ಬಿಡು. ಅರ್ಜಿಗೆ ಸಹಿ ಹಾಕಿದ್ದ ಪೋಷಕರಲ್ಲಿ ಆರು ಮಂದಿ ಬಂದು ಕೈ ಮುಗಿದರು, ಉಳಿದವರು ರಸ್ತೆ ದಾಟಿ ಆಚೆಯಿಂದ ಹೋದರು. ಟೈಲರ್ ಮನೆಗೆ ಬಂದು, ನಮ್ಮ ಬಾಗಿಲ ಪರದೆಯ ಅಂಚು ಬಿಚ್ಚಿರುವುದನ್ನು ನೋಡಿ, ಅಂಗಿಯ ಕಾಲರಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ನಿಂತಲ್ಲೇ ಹೊಲಿದುಕೊಟ್ಟು ಹೋದ. ತಾತ ಮಾತ್ರ ಸೋಲೊಪ್ಪಿಲ್ಲ. ಸಹಿಗಳು ಐನೂರು ದಾಟಿವೆ. ನನ್ನನ್ನು ಈಗ ಎಂಟಮ್ಮ ಎಂದು ಕರೆಯುತ್ತಾರೆ, ಗಡಿಯಾರವನ್ನು ಮಾತ್ರ ಸಹಿಯಿಲ್ಲದೆಯೇ ವಾಪಸು ಕೊಟ್ಟರು.

ನನಗೆ ಇಷ್ಟು ಹಗುರಾಗಿ ಎಷ್ಟು ವರ್ಷವಾಗಿತ್ತೋ. ರಸ್ತೆಯಲ್ಲಿ ತಲೆಯೆತ್ತಿ ನಡೆದೆ, ಮಂಡಿಯೂ ತೆಪ್ಪಗಿತ್ತು.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮೊಮ್ಮಗನಿಗೆ ಗಟ್ಟಿಯಾದ ಹಲ್ಲು ಬರಲಿ, ನಿನ್ನ ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡಲಿ, ನೀವು ಮೂವರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ
ಅಮ್ಮ

ವಿ.ಸೂ.: ಇಲ್ಲಿ ಮರೆತಿದ್ದೆ ಎಂದು ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ. ವಿಚಾರಣೆಯ ಕೊನೆಗೆ ಅಧ್ಯಕ್ಷೆ ಇನ್ನೊಂದು ಪ್ರಶ್ನೆ ಕೇಳಿದರು. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದ್ದೀರಿ, ಪುಸ್ತಕದಲ್ಲಿಲ್ಲದ ಸರಿಯುತ್ತರಕ್ಕೆ ನೀವು ಯಾವತ್ತಾದರೂ ಅಂಕ ಕೊಟ್ಟಿದ್ದೀರಾ ಎಂದು. ಇಲ್ಲ, ಒಬ್ಬಳಿಗೆ ಕೊಡಬೇಕಿತ್ತು ಎಂದೆ.

ಆಗ ನೀನು ಐದನೇ ತರಗತಿ, ನನ್ನದೇ ಕ್ಲಾಸು. ಉಂಗುರಗಳಿರುವ ಗ್ರಹ ಯಾವುದು ಎಂದು ಕೇಳಿದ್ದೆ. ನೀನು ಶನಿ, ಗುರು, ಯುರೇನಸ್ ಎಂದು ಬರೆದೆ. ನಾನು ಕೊನೆಯ ಎರಡರ ಮೇಲೆ ಕೆಂಪು ಗೆರೆ ಎಳೆದೆ. ಸ್ವಂತ ಮಗಳೆಂದು ಬಿಟ್ಟಳು ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ ಎಲ್ಲರೆದುರು ನಿಲ್ಲಿಸಿ, ಶನಿ ಮಾತ್ರ ಎಂದು ಹತ್ತು ಸಲ ಹೇಳಿಸಿದೆ. ಪತ್ರಿಕೆಯಲ್ಲಿ ಓದಿದೆ ಅಮ್ಮ ಎಂದು ನೀನು ಒಂದೇ ಸಲ ಹೇಳಿ, ಆಮೇಲೆ ಹತ್ತು ಸಲವೂ ಅಳದೆ ಹೇಳಿದೆ. ಮುಂದಿನ ವಾರ ಗ್ರಂಥಾಲಯದಲ್ಲಿ ಆ ಪತ್ರಿಕೆಯ ಪುಟ ನನಗೇ ಸಿಕ್ಕಿತು. ಪೂರ್ತಿ ಓದಿ, ಮಡಿಸಿ, ಇದ್ದಲ್ಲೇ ಇಟ್ಟು ಬಂದೆ. ಮನೆಯಲ್ಲೂ ಹೇಳಲಿಲ್ಲ. ಅಲ್ಲಿಂದ ಮುಂದೆ ನೀನು ನನ್ನನ್ನು ಏನನ್ನೂ ಕೇಳುವುದನ್ನು ಬಿಟ್ಟೆ. ಕಾಲೇಜಿನಲ್ಲಿ ವಿಜ್ಞಾನದ ಅರ್ಜಿಯನ್ನು ಖಾಲಿ ಬಿಟ್ಟು ವಾಪಸು ಕೊಟ್ಟೆ. ಅವಳಿಗೆ ವಿಜ್ಞಾನದಲ್ಲಿ ಆಸಕ್ತಿಯಿಲ್ಲ ಎಂದು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಶನಿ, ಗುರು, ಯುರೇನಸ್. ಮೂರೂ ಸರಿ. ಅವತ್ತೂ ಸರಿಯಿತ್ತು. ನನಗೆ ಗೊತ್ತಿತ್ತು, ಗುಬ್ಬೀ.